ಕೋಟೆ ಮಣ್ಣಿನಲ್ಲಿ ಕುದಿಸಿದ ಚೈನ್ ಕವರ್

ಚೈನೇ ಇಲ್ಲದ ಸೈಕಲ್ಲಿನ ಮೇಲೆ ಬೀದರಿನ ರೈಲನ್ನು ಹಿಂದೆ ಹಾಕಿದವನು ಭೂಮಂಡಲದಲ್ಲಿ ಒಬ್ಬನೇ: ಭಾಲ್ಕಿಯ ಮಡೆಪ್ಪ, ಅಂದರೆ ನಾನು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಸಲಾಮು ಹೊಡೆದ. ಕಂಡವರಿಬ್ಬರು ಇನ್ನೂ ಬದುಕಿದ್ದಾರೆ. ಇಬ್ಬರಿಗೂ ಈಗ ಕಣ್ಣು ಕಾಣುವುದಿಲ್ಲ, ಆ ಮಾತು ಬೇರೆ. ನನ್ನ ಸೈಕಲ್ ದುಕಾನಕ್ಕೆ ಬಂದವರಿಗೆ ಚಹಾಕ್ಕಿಂತ ಮೊದಲು ಈ ಕಥೆಯನ್ನೇ ಕೊಡುತ್ತೇನೆ.

ಔರಾದಿನ ಕೌಸಲ್ಯಾಬಾಯಿಯವರಿಗೂ ಕೊಟ್ಟೆ. ಡಾಬಕಾದ ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಬಾಯೋರು, ತಮ್ಮ ವಿಲಾಯತಿ ಲೇಡೀಸ್ ಸೈಕಲ್ಲನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದಿದ್ದರು. ಸೀಟಿನೊಳಗೆ ಇಲಿಗಳ ಏಳು ತಲೆಮಾರು ಸಂಸಾರ ಮಾಡಿ ಹೋಗಿದ್ದವು. ಉಜ್ಜಿ ತೆಗೆದ ತುಕ್ಕಿನಲ್ಲೇ ಇನ್ನೊಂದು ಸೈಕಲ್ಲು ಎರಕ ಹೊಯ್ಯಬಹುದಿತ್ತು. ಅಂಥ ಸೈಕಲ್ಲು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಇದು ಮಾತ್ರ ಸುಳ್ಳಲ್ಲ.

ಚೈನ್ ಕವರಿನ ಮೇಲೆ ಹಳದಿ ಬಣ್ಣದಲ್ಲಿ, ಸೊಟ್ಟಸೊಟ್ಟಾಗಿ ‘ಕೌಸಲ್ಯಾ’ ಎಂದಿತ್ತು.

“ನಮ್ಮಪ್ಪಗ ಓದು ಬರಹ ಬರ್ತಿರಲಿಲ್ಲ. ಈ ಒಂದು ಹೆಸರು ನನ್ನ ಪಾಟಿ ನೋಡಿ ಕಲ್ತು ಬರ್ದಾನ. ಜನ್ಮದಾಗ ಮತ್ತೇನೂ ಬರ್ದಿಲ್ಲ,” ಎಂದರು ಬಾಯೋರು. “ಉಳದದ್ದೆಲ್ಲ ಬದಲಿ ಮಾಡು, ಇದನ್ನ ಮುಟ್ಟಬ್ಯಾಡಪಾ.”

“ಬಾಯೋರ, ಅಕ್ಷರ ಏನ್ರಿ, ನಿಮ್ಮಪ್ಪನ ಬೆರಳಿನ ಗುರ್ತೂ ಹೋಗಂಗಿಲ್ರಿ.”

“ಬಾಯಿ ಕಮ್ಮಿ ಮಾಡು, ಕೈ ನಡಸು.”

ಕೈ ನಡೆಸಿದೆ. ಒಮ್ಮೆ ತಿರುವಿದ ಗಾಲಿ ಮರುದಿನದ ಚಹಾದ ಹೊತ್ತಿಗೂ ತಿರುಗುತ್ತಿತ್ತು. ಕವರಿನ ಕಪ್ಪು ಬಣ್ಣ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ ನನ್ನ ಮಾನ ಕಳೆಯುತ್ತಿತ್ತು. ಆಗ ನನ್ನ ತಲೆ ಓಡಿತು. ಬಿದರಿ ಹೂದಾನಿಯನ್ನು ಕೋಟೆಯ ಹಳೆಯ ಮಣ್ಣು ಕಲಸಿದ ಬಿಸಿನೀರಿನಲ್ಲಿ ಅದ್ದಿದರೆ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ನಮ್ಮ ಕಡೆ ತೊಟ್ಟಿಲ ಕೂಸಿಗೂ ಇದು ಗೊತ್ತು. ಅದೇ ಲೆಕ್ಕದಲ್ಲಿ ಕವರು ಕಪ್ಪಾಗಬೇಕು, ಅಕ್ಷರ ಹಳದಿಯಾಗಿ ಉಳಿಯಬೇಕು. ಬೀದರಿಗೆ ಹೋಗಿ, ಮನೆಯ ಹೂದಾನಿ ಮಾಸಿದೆಯೆಂದು ಹೇಳಿ, ಬಿದರಿ ಕುಶಲಕರ್ಮಿ ಬದ್ರೋದ್ದೀನನಿಂದ ಒಂದು ಹಿಡಿ ಮಣ್ಣು ತಂದೆ. ಅವನು ಅದ್ದು ಎಂದಿದ್ದ. ನಾನು ಒಂದು ತಾಸು ಕುದಿಸಿದೆ.

ಕಪ್ಪೂ ಹಳದಿಯೂ ಹಾಲಿನ ಕೆನೆಯ ಹಾಗೆ ಮೇಲೆ ತೇಲಿದವು. ಮಧ್ಯಾಹ್ನದ ಹೊತ್ತಿಗೆ ಬರಿ ತಗಡು ಕೇಸರಿ ಬಣ್ಣಕ್ಕೆ ತುಕ್ಕು ಹಿಡಿಯಿತು.

ಕವರನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಬೀದರಿಗೆ ಓಡಿದೆ. ಕವರು ತೆಗೆದು ತೋರಿಸಿ, ಬಾಯೋರ ಅಪ್ಪನ ಅಕ್ಷರ ಹೋದದ್ದು ಹೇಳಿದೆ.

“ನಿನ್ನ ಹೂದಾನಿ ಬಾಳ ಉದ್ದ ಅದ ಉಸ್ತಾದ,” ಎಂದ ಬದ್ರೋದ್ದೀನ. “ಹೂದಾನಿ ಜಸ್ತದ್ದು, ಅಂದ್ರ ಸತುವಿಂದು, ಇದು ಕಬ್ಬಿಣದ ತಗಡು. ಕೋಟಿ ಮಣ್ಣಿಗೆ ಕಬ್ಬಿಣದ ಗುರ್ತೇ ಇಲ್ಲ. ಹೋಗಿ ಬಾಯೋರಿಗೆ ಖರೆ ಹೇಳು.”

“ಖರೆ ಹೇಳೂದು ನನಗ ರೂಢಿ ಇಲ್ಲ ಭಾಯ್.”

ಸೈಕಲ್ಲು ಬಂದ ದಿನ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಿದ್ದೆ. ಕವರಿಗೆ ಕಪ್ಪು ಬಳಿದು, ಫೋಟೋ ನೋಡುತ್ತ, ಸೊಟ್ಟ ಬರಲೆಂದು ಎಡಗೈಯಿಂದ ಹೆಸರು ಬರೆದೆ. ಫೋಟೋದಲ್ಲಿ ಕೊನೆಯ ಅಕ್ಷರ ಅರ್ಧ ಅಳಿಸಿತ್ತು. ಮಡೆಪ್ಪನ ಕೆಲಸದಲ್ಲಿ ಅರೆಬರೆ ಎಂಬುದಿಲ್ಲ. ಪೂರ್ತಿ ಮಾಡಿದೆ.

ಬಾಯೋರು ಬಂದರು. ಗಂಟೆ ಬಾರಿಸಿ ನಕ್ಕರು, ಗಾಲಿ ತಿರುವಿದರು, ಕೊನೆಗೆ ಕವರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

“ಮುಟ್ಟಿಲ್ಲ ಅಲಾ?”

“ಗಾಳಿ ಸೈತ ತಾಗಿಸಿಲ್ರಿ.”

“ಸೈಕಲ್ ಕಲಿಯೋ ಮುಂದ ನನ್ನ ಹಿಮ್ಮಡ ತಿಕ್ಕಿ ಈ ಕೊನೀ ಅಕ್ಷರ ಅರ್ಧ ಹೋಗಿತ್ತು. ನಮ್ಮಪ್ಪ ಎಂಟ ದಿನ ನನ್ನ ಜೋಡಿ ಮಾತಾಡಿರಲಿಲ್ಲ. ಐವತ್ತ ವರ್ಷದ ಹಿಂದ ಹೋದದ್ದು ಈಗ ಹ್ಯಾಂಗ ಬಂತು?”

“ಎಣ್ಣಿ ಛಲೋ ಬಿದ್ರ ಹೊಳ್ಳಿ ಬರ್ತಾವ್ರಿ.”

ಬಾಯೋರು ಮನೆಪಾಠ ಬರೆಯದ ಹುಡುಗನನ್ನು ನೋಡುವ ಹಾಗೆ ನೋಡಿದರು, ಅಷ್ಟೇ. ಮಣ್ಣು, ಕುದಿಸಿದ್ದು, ಎಡಗೈ, ಎಲ್ಲ ನನ್ನ ಬಾಯಿಂದ ಉದುರಿತು. ಫೋಟೋ ತೋರಿಸಿದೆ. ಅರ್ಧ ಅಳಿಸಿದ ಆ ಅಕ್ಷರದ ಮೇಲೆ ಅವರು ಬೆರಳಿಟ್ಟರು. ಬೆರಳು ತಾಗಿ ಫೋಟೋ ದೊಡ್ಡದಾಯಿತು. ಕಣ್ಣು ಒರೆಸಿಕೊಂಡರು.

“ಇದನ್ನ ನನಗ ಕಳಸು. ಅಲ್ಲಿ ನೀ ಬರ್ದದ್ದು ಅಳಸು. ನಮ್ಮಪ್ಪಂದಲ್ಲದ್ದು ಅಲ್ಲಿರೂದು ಬ್ಯಾಡ.”

ಸೀಮೆಎಣ್ಣೆಯ ಅರಿವೆಯಿಂದ ನಾನೇ ಒರೆಸಿದೆ. ನನ್ನ ಜೀವಮಾನದಲ್ಲಿ ಅಷ್ಟು ನಿಧಾನ ಒರೆಸಿದ್ದಿಲ್ಲ. ಬಾಯೋರು ಸೆರಗು ಸಿಕ್ಕಿಸಿ ಸೀಟಿನ ಮೇಲೆ ಕೂತು, ಒಂದು ಕಾಲು ನೆಲದ ಮೇಲಿಟ್ಟುಕೊಂಡೇ ಕೇಳಿದರು:

“ಮತ್ತೇನರ ಹೇಳೂದು ಉಳದದ?”

ಉಳಿದಿತ್ತು.

“ಆ ರೈಲು ಭಾಲ್ಕಿ ಸ್ಟೇಷನ್ನಿನಾಗ ನಿಂತಿತ್ರಿ,” ಎಂದೆ. “ಚೈನ್ ಹರದಿತ್ತು. ನಾ ಸೈಕಲ್ ನೂಕ್ಕೋತ ಬಾಜೂಕ ಹಾದು ಹೋದೆ.”