ಕೆಳಗೆ ಯಾರೂ ನಿಂತಿಲ್ಲ

ಒಣಕೊಬ್ಬರಿಯ ವಾಸನೆ, ಆಟೋದೊಳಗೆಲ್ಲ ಅದೇ, ಅರಸೀಕೆರೆ ಬಂತೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು — ಬೇಲೂರಿನಿಂದ ಇಷ್ಟು ದೂರ ಬಂದರೆ ನನ್ನ ಗುರುತು ಯಾರಿಗೆ ಸಿಗುತ್ತದೆ, ಹಳೇಬೀಡು, ಜಾವಗಲ್ಲು ಎಲ್ಲ ಬಸ್ಸಿನ ತೂಕಡಿಕೆಯಲ್ಲೇ ಹಿಂದೆ ಹೋದವು, ತೋಟ, ಮತ್ತೆ ತೋಟ, ಬೆಳಿಗ್ಗೆಯಿಂದ ಒಂದು ಹನಿ ಕುಡಿದಿಲ್ಲ, ಕೈ ನಡುಗುತ್ತಿದೆ, ಸೆರಗಿನಲ್ಲಿ ಮುಚ್ಚಿಕೋ ಕನಕಾ. ಕೊಬ್ಬರಿ ಮಂಡಿ ಮಹಡಿ ಮೇಲೆ, ಕುಡಿತ ಬಿಡುವವರ ಸಭೆ, ಎಂದು ಸ್ಪಂದನಾ ಮೊಬೈಲಿಗೆ ಕಳಿಸಿದ್ದಾಳೆ, ಅಷ್ಟೇ, ಹೇಗಿದ್ದೀಯಮ್ಮ ಎಂದು ಕೂಡ ಇಲ್ಲ, ದಿನ ತುಂಬುತ್ತಿರುವ ಮಗಳು, ಚೊಚ್ಚಲು, ಬಾಣಂತನಕ್ಕೆ ಅತ್ತೆ ಮನೇಲೇ ಇರ್ತೀನಮ್ಮ, ನಿನ್ ಕೈಗೆ ಮಗು ಕೊಡಕ್ಕೆ ನಂಗೆ ಭಯ ಆಗತ್ತೆ, ಎಂದುಬಿಟ್ಟಳು, ಹೆತ್ತ ತಾಯಿಗೆ. ಅವಳನ್ನು ಹೆತ್ತ ಬಾಣಂತನದಲ್ಲೇ ಅಲ್ಲವೇ ಶುರುವಾದದ್ದು, ಅಮ್ಮ ಬೆಳ್ಳಿ ಒಳಲೆಯಲ್ಲಿ ಅಳೆದು ಕೊಡುತ್ತಿದ್ದ ದಶಮೂಲಾರಿಷ್ಟ, ಬೆಚ್ಚಗೆ ಇಳಿದು ಕಿವಿಯ ತನಕ ಜೋಂಪು, ಮಗು ಅತ್ತರೂ ಎಲ್ಲೋ ಪಕ್ಕದ ಬೀದಿಯಲ್ಲಿ ಅತ್ತ ಹಾಗೆ, ಆ ಜೋಂಪಿನ ಬೆನ್ನು ಹತ್ತಿದವಳು ನಾನು, ಬ್ರಾಂದಿಗೆ ಯಾವಾಗ ದಾಟಿದೆನೋ ನೆನಪಿಲ್ಲ, ಕಷಾಯದ ಫ್ಲಾಸ್ಕು ಅದೇ ಇತ್ತು, ಒಳಗಿನದು ಬದಲಾಯಿತು. ನನ್ನ ಗಂಡ ವಿಜಯಸಾರಥಿ ದಿನಾ ಬೆಳಿಗ್ಗೆ ಅದನ್ನು ತೊಳೆದು ಬೋರಲು ಹಾಕುತ್ತಾರೆ, ಕಾಫಿಯನ್ನೂ ಅರ್ಧ ಲೋಟಕ್ಕೆ ಸಾಕೆನ್ನುವ ಮನುಷ್ಯ.

ಯಾವ ಮಂಡಿಯೋ, ದಾರಿ ಕೇಳದೆ ವಿಧಿಯಿಲ್ಲ, ಕೇಳಿದೆ, ಕುಡಿತ ಬಿಡಿಸೋ ಸಭೆ ಎಲ್ಲಪ್ಪ ನಡೆಯೋದು, ಆಟೋದವನು ಕನ್ನಡಿಯಲ್ಲಿ ನನ್ನ ಕುಂಕುಮ ನೋಡಿದ, ಇಸ್ತ್ರಿ ಸೀರೆ ನೋಡಿದ, ಯಜಮಾನ್ರು ಬಾಳ ಕುಡೀತಾರೇನಕ್ಕ, ಹೂಂ ಎಂದುಬಿಟ್ಟೆ. ಎಷ್ಟು ಸಲೀಸು. ಆ ಒಂದು ಹೂಂಗೆ ಒಬ್ಬ ಗಂಡಸು ಹುಟ್ಟಿ ನನ್ನ ಪಕ್ಕದಲ್ಲೇ ಕೂತ, ವಿಜಯಸಾರಥಿಯ ಮುಖ, ನನ್ನ ನಡುಗುವ ಕೈ — ಮಂಡಿಯಂಗಳದಲ್ಲಿ ಇಳಿದಾಗಲೂ ಜೊತೆಗೆ ಇಳಿದ. ಅಲ್ಲಿ ಕರಟ ಬಿಡಿಸುತ್ತಿದ್ದ ಹೆಂಗಸು, ಮೀಟಿಂಗ್ ಇನ್ನೂ ಸುರುವಾಗಿಲ್ಲ, ಕೂತ್ಕಳವ್ವ, ನಾನು ರುದ್ರಮ್ಮ ಅಂತ, ಏಸು ವರ್ಸದಿಂದ ಕುಡೀತಾನೆ ನಿನ್ ಗಂಡ, ಎಂದಾಗ ಅವನ ಕಥೆ ತಾನಾಗಿ ಬಂತು, ಅಕ್ಕಿ ಡಬ್ಬದಲ್ಲಿ ಬಾಟ್ಲಿ ಇಡ್ತಾರೆ, ಗೊಂಬೆ ಕೂರಿಸಿದ ದಿನ ಗೊಂಬೆಗಳ ಮೇಲೇ ಬಿದ್ದರು, ಮಗಳ ಸೀಮಂತದಲ್ಲಿ ಆರತಿ ತಟ್ಟೆ — ಅಲ್ಲಿ ನಿಲ್ಲಿಸಿದೆ, ಗಂಡಸು ಆರತಿ ಎತ್ತುವುದಿಲ್ಲವಲ್ಲ. ನನ್ನ ಕೈಜಾರಿದ ತಟ್ಟೆಯ ಕೆಂಪು ನೀರು ಸ್ಪಂದನಾಳ ಹಸಿರು ಸೀರೆಯ ಮೇಲೆ, ಅವಳ ಹೊಟ್ಟೆಯ ಮೇಲೆ. ರುದ್ರಮ್ಮ ಗಮನಿಸಲಿಲ್ಲ, ಅಂಥೋನ ಜೊತೆ ಯಾಕವ್ವ ಬಾಳ್ತೀಯ, ಬಿಟ್ಟಾಕು, ನಿಂಗೇನು ಕಮ್ಮಿ ಐತೆ. ಬಿಟ್ಟಾಕು. ಈ ಮಾತನ್ನು ವಿಜಯಸಾರಥಿಗೂ ಯಾರಾದರೂ ಹೇಳಿರಬೇಕು, ಅವರಕ್ಕ, ಸ್ನೇಹಿತರು, ಬಿಟ್ಟುಬಿಡೋ ಅವಳನ್ನ, ಎಂದು, ಅವರು ಕೇಳಿಸಿಕೊಂಡು ಮನೆಗೆ ಬಂದು ಸಾರಿಗೆ ಬೇಳೆ ಹಾಕಿರಬೇಕು. ಅಳು ಬಂತು. ರುದ್ರಮ್ಮ ಬೆನ್ನು ಸವರಿದಳು, ಗಂಡನಿಗಾಗಿ ಅಳುತ್ತಿದ್ದೇನೆಂದು, ನಿಜವೇ, ಅವರಿಗಾಗಿಯೇ.

ಮೆಟ್ಟಿಲು, ಕತ್ತಲೆ, ಮತ್ತೆ ಬೆಳಕು, ಒಳಗೆ ಬರೀ ಗಂಡಸರು, ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು, ಹಣೆ ತುಂಬ ವಿಭೂತಿಯ ಹಿರಿಯರೊಬ್ಬರು ಮುಂದೆ ಬಂದರು, ನಾನು ಗಂಗಾಧರಪ್ಪ ಕಣಮ್ಮ, ನಾನೂ ಕುಡುಕನೇ, ಊಟ ಆಯ್ತು ಎನ್ನುವಷ್ಟು ಸಲೀಸಾಗಿ ಹೇಳಿದರು, ಮನೆಯೋರ ಸಭೆ ಬ್ಯಾರೆ ದಿನ ಐತೆ, ಇದು ಕುಡಿಯೋರದ್ದು, ಯಜಮಾನ್ರೆಲ್ಲಿ, ಕೆಳಗೆ ನಿಂತವ್ರಾ, ಮೊದಲ್ನೇ ದಿನ ಎಲ್ರೂ ಹಂಗೇಯ, ನಾನೂ ಈ ಮಂಡಿ ಮುಂದೆ ನಿಂತು ನಿಂತು ವಾಪಸ್ ಹೋಗಿವ್ನಿ, ನೀವು ಕೂತ್ಕಳಿ, ನಾನು ಕರ್ಕಂಡು ಬತ್ತೀನಿ — ಬೇಡಿ ಎನ್ನುವಷ್ಟರಲ್ಲಿ ಚಪ್ಪಲಿ ಕೂಡ ಮೆಟ್ಟದೆ ಇಳಿದು ಹೋದರು.

ಮಹಡಿಯ ಕಟಾಂಜನ ಹಿಡಿದು ನೋಡುತ್ತಿದ್ದೇನೆ. ಮಧ್ಯಾಹ್ನದ ಟಾರು ರಸ್ತೆಯಲ್ಲಿ ಗಂಗಾಧರಪ್ಪ, ಹಣೆಗೆ ಕೈ ಅಡ್ಡ ಹಿಡಿದು, ಬರಿಗಾಲು, ಲಾರಿಯ ಹಿಂದೆ ಬಗ್ಗಿ ನೋಡುತ್ತಾರೆ, ಟೀ ಅಂಗಡಿಯಲ್ಲಿ ಯಾರನ್ನೋ ಕೇಳುತ್ತಾರೆ, ಅವನು ತಲೆಯಾಡಿಸುತ್ತಾನೆ, ಸ್ವಾಮಿ, ನಾಚ್ಕೋಬ್ಯಾಡಿ, ಮ್ಯಾಕೆ ಬನ್ನಿ, ಯಾರೂ ಏನೂ ಅನ್ನಲ್ಲ — ಖಾಲಿ ರಸ್ತೆಗೆ ಹೇಳುತ್ತಿದ್ದಾರೆ, ಇಲ್ಲದ ಗಂಡಸಿಗೆ. ಅವರು ಬರಲ್ಲವಂತೆ ಎಂದು ಈಗಲೂ ಹೇಳಿಬಿಡಬಹುದು, ಬಸ್ಸಿದೆ, ಕತ್ತಲಾಗುವ ಮೊದಲೇ ಮನೆ, ಒಂದು ಗುಟುಕು, ಕೈ ನಿಲ್ಲುತ್ತದೆ, ಬಾಣಂತನ ಅಲ್ಲೇ ಆಗಲಿ ಬಿಡು, ಅವರೂ ಒಳ್ಳೆಯ ಜನ — ಗಂಗಾಧರಪ್ಪ ಒಂದು ಕಾಲೆತ್ತಿ ಇನ್ನೊಂದು ಊರುತ್ತಾರೆ, ಕಾಲು ಸುಡುತ್ತಿದೆ, ಹಿಂದಿರುಗುತ್ತಿಲ್ಲ, ಇನ್ನೂ ಹುಡುಕುತ್ತಿದ್ದಾರೆ, ನನ್ನನ್ನೇ ಹುಡುಕುತ್ತಿರುವುದು, ಇಷ್ಟು ವರ್ಷದಲ್ಲಿ ಹೀಗೆ ನನ್ನನ್ನು ಬೈಯದೆ ಹುಡುಕಿದವರು ಯಾರು, ಬರಿಗಾಲು — ಗಂಗಾಧರಪ್ಪನೋರೇ, ಕೆಳಗೆ ಯಾರೂ ಇಲ್ಲ, ಕುಡಿಯೋಳು ನಾನು. ಯಾರ ದನಿ ಅದು, ಅಷ್ಟು ದೊಡ್ಡದಾಗಿ, ಅಂಗಳದಲ್ಲಿ ರುದ್ರಮ್ಮನ ಕೈ ನಿಂತಿತು, ಟೀ ಅಂಗಡಿಯವರು ಕತ್ತೆತ್ತಿದರು, ಗಂಗಾಧರಪ್ಪ ತಿರುಗಿ ಮೇಲೆ ನೋಡಿದರು, ಹಣೆಯ ಮೇಲಿನ ಕೈ ಇಳಿಸದೆ, ಅಲ್ಲೇ ಇರಮ್ಮ, ಹೋಗಬ್ಯಾಡ, ಬಂದೆ. ಓಡುತ್ತಿದ್ದಾರೆ, ಈ ವಯಸ್ಸಿನಲ್ಲಿ, ಟಾರಿನ ಮೇಲೆ ಬರಿಗಾಲು, ಬರಿಗಾಲು.