ರಸ್ತೆಯಾಚೆಗಿನ ಮಂಡಿ

ಒಂದು ಆಕಳಿಕೆ ಮುಗಿಯೋದರೊಳಗೆ ನಮ್ಮ ರಸ್ತೆ ದಾಟಿಬಿಡಬಹುದು. ಆ ಕಡೆ ಅಕ್ಕನ ಎರಕದ ಶೆಡ್ಡು, ಈ ಕಡೆ ನನ್ನ ಪಾಲಿಶ್ ಅಂಗಡಿ. ಅವಳು ಕೆಮ್ಮಿದರೆ ನಾನು ಇಲ್ಲಿಂದಲೇ "ನೀರು ಕುಡಿಯೇ ಅಕ್ಕಾ" ಅಂತೀನಿ. ಆದರೆ ಯಾವ ಪುಣ್ಯಾತ್ಮನೋ ನಕ್ಷೆ ಮೇಲೆ ಗೀಟು ಎಳೆದು, ಆ ಕಡೆ 'ನಾವೀನ್ಯ ನಗರ', ಈ ಕಡೆ 'ಉಳಿದ ಪ್ರದೇಶ' ಅಂದುಬಿಟ್ಟ. ಉಳಿದ ಪ್ರದೇಶವಂತೆ! ನಾವೇನು ತಂಗಳಾ?

ಬಾಧೆ ನನ್ನದಾಗಿದ್ದರೆ ಹಾಳಾಗಿ ಹೋಗಲಿ ಅಂತಿದ್ದೆ. ಭಾವನದು. ಅಕ್ಕನ ಗಂಡ, ಕ್ಷೌರಿಕ, ದಿನವಿಡೀ ನಿಂತೇ ಕೆಲಸ. ಅಪಘಾತದಲ್ಲಿ ಕಾಲು ಹೋದಮೇಲೆ ಹಾಕಿಸಿಕೊಂಡ ಕೃತಕ ಕಾಲು ಬಗ್ಗೋದೇ ಇಲ್ಲ, ತೊಡೆಯೆಲ್ಲ ಹುಣ್ಣು. ಅದಕ್ಕೇ ನಾವಿಬ್ಬರೂ ತಲೆ ಕೆಡಿಸಿಕೊಂಡು ಬಗ್ಗುವ ಮಂಡಿ ಮಾಡಿದೆವು. ಅವಳು ಎರಕ ಹೊಯ್ದಳು, ನಾನು ಉಜ್ಜಿ ನುಣುಪು ಮಾಡಿದೆ. ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಆಸ್ಪತ್ರೆಯವರು ಅದನ್ನ ಕೂರಿಸಿಕೊಡಲ್ಲ. ಪರೀಕ್ಷೆಯ ಯಂತ್ರ ಬಂದು ಕೂತಿದ್ದು ಅಕ್ಕನ ಪಕ್ಕದ ಹೊಸ ಕಟ್ಟಡದಲ್ಲಿ.

"ಮೇಡಂ, ಜನ ಒಬ್ಬರಿಗೊಬ್ಬರು ಹತ್ತಿರ ಇದ್ದರೆ ಹೊಸ ಯೋಚನೆ ಹುಟ್ಟುತ್ತೆ. ಅದಕ್ಕೇ ನಗರಕ್ಕೆ ಆದ್ಯತೆ," ಅಂದ ಅಲ್ಲಿನ ಯೋಜನಾಧಿಕಾರಿ.

"ಇದಕ್ಕಿಂತ ಹತ್ತಿರ ಅಂದ್ರೆ ನಾನು ಅಕ್ಕನ ಸೊಂಟದ ಮೇಲೆ ಕೂರಬೇಕಾ ಸಾರ್?"

"ಹತ್ತಿರ ಅನ್ನೋದನ್ನ ನಕ್ಷೆ ಪ್ರಕಾರ ನೋಡ್ತೀವಿ. ಎಲ್ಲ ಕೆಲಸ ಗಡಿಯೊಳಗೇ ಆಗಿದ್ದರೆ ಮಾತ್ರ ಪರೀಕ್ಷೆ."

ಸರಿ, ಹಣೆಬರಹ ಅಂತ ಗ್ರೈಂಡಿಂಗ್ ಯಂತ್ರ ಕಿತ್ತು ಅಕ್ಕನ ಶೆಡ್ಡಿಗೆ ಸಾಗಿಸಿ, ಅಲ್ಲೇ ಇನ್ನೊಂದು ಮಂಡಿ ಉಜ್ಜಿದೆ. ನಾವು ಎಡವಿದ್ದೇ ಅಲ್ಲಿ. ಎರಕದ ಮರಳಿನ ದೂಳು ಪಾಲಿಶ್ ಕೆಲಸಕ್ಕೆ ತಾಗಬಾರದು ಅಂತಲೇ ಅಮ್ಮ ನಮ್ಮನ್ನ ರಸ್ತೆಯ ಎರಡು ಕಡೆ ಕೂರಿಸಿದ್ದಳು. ಗಡಿಯ ಗಡಿಬಿಡಿಯಲ್ಲಿ ಇಬ್ಬರಿಗೂ ಅದರ ನೆನಪೇ ಬರಲಿಲ್ಲ. ಕೀಲಿನೊಳಗೆ ಮರಳು ಸೇರಿ, ಪರೀಕ್ಷೆಯಲ್ಲಿ ಮಂಡಿ ಕಿರ್ರ್ ಅಂತು, ಸಿಕ್ಕಿಕೊಂಡಿತು, ಬಿರುಕು ಬಿಟ್ಟಿತು.

"ಆದರೂ ಪೂರ್ತಿ ನಗರದ್ದೇ ಉತ್ಪನ್ನ, ಅದು ಸಂತೋಷ," ಅಂದ ಆ ಮಹಾರಾಯ. ನನಗೆ ಮೈಯೆಲ್ಲ ಉರಿದುಹೋಯಿತು.

ಯಂತ್ರ ವಾಪಸ್ ತಂದೆ. ಹೊಸ ಎರಕವನ್ನ ನನ್ನ ಅಂಗಡಿಯಲ್ಲೇ ಉಜ್ಜಿದೆ. ಮಂಡಿ ಬೆಣ್ಣೆ ಹಾಗೆ ಆಡಿತು. ಭಾವ ತಾಳ್ಮೆಗೆಟ್ಟು, ಅಕ್ಕನ ಕೈಯಲ್ಲಿ ಅದನ್ನ ಹಳೇ ಕೃತಕ ಕಾಲಿಗೇ ಬೋಲ್ಟು ಹಾಕಿಸಿಕೊಂಡು, ಪರೀಕ್ಷಾ ಕೇಂದ್ರಕ್ಕೆ ನಡೆದೇಬಿಟ್ಟರು. ಅವರ ಹಿಂದೆ ನಾವಿಬ್ಬರೂ ಓಡಿದೆವು.

ಅಧಿಕಾರಿ ಬಾಗಿಲಲ್ಲೇ ತಡೆದ. "ಸಾರ್, ನೀವು ನಗರದ ನಿವಾಸಿ, ಧಾರಾಳವಾಗಿ ಬನ್ನಿ. ಮಂಡಿ ಬರೋ ಹಾಗಿಲ್ಲ. ಅದು ಆ ಕಡೆ ತಯಾರಾಗಿದ್ದು."

ಭಾವ ಅವನ ಮುಖವನ್ನೇ ನೋಡಿದರು. ಮೆಟ್ಟಿಲ ಮೇಲೆ ಕೂತು, ಪಟ್ಟಿ ಬಿಚ್ಚಿ, ಕಾಲು ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಗೋಡೆ ಹಿಡಿದು ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ಒಳಗೆ ಹೋದರು.

"ಬನ್ನಿ ಅಂದ್ರಲ್ಲ, ಬಂದಿದ್ದೀನಿ. ಮಾಡಿ ಪರೀಕ್ಷೆ."

ಅಧಿಕಾರಿ ಕುರ್ಚಿ ಎಳೆದು ಕೊಟ್ಟ. ಭಾವ ಕೂರಲಿಲ್ಲ. ಅವರ ಒಂಟಿ ಕಾಲು ನಡುಗುತ್ತಿತ್ತು. ನನಗೆ ಅಳು ಒತ್ತರಿಸಿ ಬಂತು, ಅಳು ಬಂತಲ್ಲ ಅಂತ ಇನ್ನಷ್ಟು ಸಿಟ್ಟು.

ಅಕ್ಕ ನನ್ನ ಕೈಯಿಂದ ಕಾಲು ಕಿತ್ತುಕೊಂಡು, ಅಧಿಕಾರಿಯನ್ನ ಪಕ್ಕಕ್ಕೆ ಸರಿಸಿ, ನೇರ ಹೋಗಿ ಯಂತ್ರಕ್ಕೆ ಸಿಗಿಸಿ ಗುಂಡಿ ಒತ್ತಿದಳು. ಮಂಡಿ ಬಗ್ಗಿತು, ನೆಟ್ಟಗಾಯಿತು, ಮತ್ತೆ ಬಗ್ಗಿತು. ಕಿರ್ರ್ ಇಲ್ಲ, ಏನಿಲ್ಲ.

"ನಿಲ್ಲಿಸಿ ಅದನ್ನ!" ಅಂತ ಕಿರುಚಿದ ಅಧಿಕಾರಿ.

"ನೀವೇ ನಿಲ್ಲಿಸಿ," ಅಂದಳು ಅಕ್ಕ. "ಇವರ ಮುಖ ನೋಡಿಕೊಂಡು ನಿಲ್ಲಿಸಿ."

ಅವನ ಕೈ ಗುಂಡಿಯ ತನಕ ಹೋಯಿತು. ಭಾವ ಗೋಡೆ ಹಿಡಿದು ನಿಂತೇ ಇದ್ದರು. ಅವನು ಕೈ ಹಿಂದಕ್ಕೆ ತಗೊಂಡ. ಮಂಡಿ ಬಗ್ಗುತ್ತಲೇ ಇತ್ತು.