ಮಾಫ್ ಅಂದ ಪಾಲು

ರಂಜಾನಿನ ಇಪ್ಪತ್ತು ರೋಜಾ ಕಳೆದರೆ ಹರಿಹರದ ರಶೀದಾ ಇರುವ ಒಂದೇ ಒಳ್ಳೆಯ ಬುರ್ಖಾ ಒಗೆದು ಮಡಿಸಿಡುತ್ತಾಳೆ. ದಾವಣಗೆರೆಯಿಂದ ಅಣ್ಣನ ಫೋನು ಬರುವ ಹೊತ್ತು ಅದು.

ಅಣ್ಣ ನೌಮಾನ್ ಸಾಹೇಬರದು ಮಂಡಿಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ. ವರ್ಷಕ್ಕೊಮ್ಮೆ ಆಸ್ತಿ, ಬಂಗಾರ ಲೆಕ್ಕಹಾಕಿ ಬಡವರಿಗೆ ಕೊಡಬೇಕಾದ ಜಕಾತಿನ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಆ ಬೀದಿಯಲ್ಲಿಲ್ಲ. ಹೆಂಡತಿಯ ಕಾಲ್ಗೆಜ್ಜೆಯನ್ನೂ ತೂಗಿಸುತ್ತಾರೆ. ದಾನ ಅನರ್ಹರ ಕೈ ಸೇರಬಾರದೆಂದು ಸಾಲಿನಲ್ಲಿ ನಿಂತ ಒಬ್ಬೊಬ್ಬರನ್ನೂ ಕೇಳುತ್ತಾರೆ: "ಬಂಗಾರ, ಆಸ್ತಿ ಏನಾರ ಐತಾ?" ತಂಗಿಗೂ ವಿನಾಯಿತಿಯಿಲ್ಲ.

ಹನ್ನೊಂದು ವರ್ಷದ ಹಿಂದೆ ಅಪ್ಪ ತೀರಿಕೊಂಡು ಮಯ್ಯತ್ತು ಇನ್ನೂ ಅಂಗಳದಲ್ಲಿದ್ದಾಗ ಸೋದರತ್ತೆ ರಶೀದಾಳ ಕಿವಿಯಲ್ಲಿ ಹೇಳಿದ್ದಳು: "ಅಣ್ಣನಿಗೆ ಪಾಲು ಮಾಫ್ ಅಂದ್ಬಿಡವ್ವ. ಪಾಲು ತಗಂಡೋಳಿಗೆ ತವರಿನ ಬಾಗ್ಲು ಇರಲ್ಲ." ಆ ಮನೆಯ ಹೆಣ್ಣುಮಕ್ಕಳೆಲ್ಲ ತಲೆತಲಾಂತರದಿಂದ ಅಂದ ಮಾತೇ ಅದು. ಬಿಕ್ಕುತ್ತಲೇ ರಶೀದಾ ಅಂದಳು. ಮರುವರ್ಷ ಗಂಡ ತೀರಿಕೊಂಡ. ಸೋದರತ್ತೆಯ ಮಾತು ಸುಳ್ಳಾಗಲಿಲ್ಲ. ತವರಿನ ಬಾಗಿಲು ತೆರೆದೇ ಇತ್ತು, ವರ್ಷಕ್ಕೊಮ್ಮೆ, ಜಕಾತಿನ ಸಾಲಿಗೆ.

ಈ ಸಲ ಅಂಗಡಿಯ ಆ ಸಾಲಿಗೆ ಕಾಲೇಜು ಓದುವ ಮಗಳೂ ಜೊತೆಗೆ ಬಂದಿದ್ದಳು. ಅತ್ತಿಗೆ ಅಕ್ಕರೆಯಿಂದಲೇ ಕರೆದಳು: "ನೀನೂ ಅಮ್ಮನ ಹಿಂದೆ ನಿಂತ್ಕಾ ಬೇಟಿ. ರೂಢಿ ಆಗ್ಲಿ."

ರೂಢಿ! ರಶೀದಾ ಹಿಂದೆ ನಿಂತ ಮಗಳನ್ನು ನೋಡಿದಳು. ಹಿಂದಕ್ಕೆ ಹೋಗಲು ಜಾಗವಿರಲಿಲ್ಲ, ಮುಂದೆ ಅಣ್ಣನಿದ್ದ.

"ಬಂಗಾರ, ಆಸ್ತಿ ಏನಾರ ಐತಾ?"

"ಐತೆ, ಭಾಯಿಜಾನ್."

ಸಾಹೇಬರು ತಲೆಯೆತ್ತಿದರು. "ಏನಂದಿ? ಎಲ್ಲೈತೆ?"

"ನೀವು ಕುಂತಿರೋ ಗಾದಿ ಕೆಳಗೆ. ಮಗನಿಗೆ ಎರಡು, ಮಗಳಿಗೆ ಒಂದು ಅಂತ ಅಬ್ಬಾನ ಅಂಗಡೀಲಿ ಮೂರರಾಗೆ ಒಂದು ಪಾಲು ನಂದು. ಆಸ್ತಿ ಇದ್ದೋರಿಗೆ ಕೊಟ್ರೆ ಜಕಾತ್ ಆಗಲ್ಲ ಅಂತ ನೀವೇ ಹೇಳ್ತೀರಲ್ಲ."

"ಮಾಫ್ ಮಾಡಿದ್ಯಲ್ಲೇ!"

"ಅಬ್ಬಾನ್ನ ಇನ್ನೂ ಎತ್ತಿರಲಿಲ್ಲ. ಆವಾಗ ಏನು ಕೇಳಿದ್ರೂ ಹೂಂ ಅಂತಿದ್ದೆ. ಖುಷಿಯಿಂದ ಅಂದ್ಯಾ ಅಂತ ಹನ್ನೊಂದು ವರ್ಷದಾಗೆ ಒಂದ್ಸಲ ಕೇಳಿದ್ರಾ? ದೇವರು ಬರೆದಿಟ್ಟ ಹಕ್ಕನ್ನ ಇಟ್ಕಂಡು, ಅದರ ಚೂರನ್ನೇ ದಾನ ಅಂತ ಕೊಡ್ತೀರಲ್ಲ, ಇದನ್ನೂ ಮೌಲವಿಗಳ್ನ ಕೇಳ್ರಿ."

"ಇನ್ಮ್ಯಾಲೆ ಈ ಬಾಗ್ಲಿಗೆ ಬರಬ್ಯಾಡ!"

"ಬಾಗ್ಲಾಗೂ ಮೂರರಾಗೆ ಒಂದು ನಂದು," ಎಂದಳು ರಶೀದಾ. ಮಗಳ ಕೈ ಹಿಡಿದು ಸಾಲಿನಿಂದ ಹೊರಬಂದಳು.

ಮೆಟ್ಟಿಲಿಳಿದು ತಿರುಗಿ ನೋಡಿದಳು. ಸಾಲಿನ ಮುಂದಿನ ಹೆಂಗಸು ಗಾದಿಯ ಎದುರು ಬಂದು ನಿಂತಿದ್ದಳು. ನೌಮಾನ್ ಸಾಹೇಬರು ಎಂದಿನಂತೆ ಬಾಯಿ ತೆರೆದರು, ಪ್ರಶ್ನೆ ಬರಲಿಲ್ಲ.